ಲಂಡನ್‌ಗೆ ಓದಲು ಬಂದವರೇ, ಆಯ್ಸ್ಟರ್ ಕಾರ್ಡಿಗೆ ರೈಲ್‌ಕಾರ್ಡ್ ಜೋಡಿಸಿಕೊಳ್ಳಿ

ಹೊಸದಾಗಿ ಬಂದಿರುವ ತಮ್ಮಂದಿರು, ತಂಗಿಯಂದಿರು ದಯವಿಟ್ಟು ಗಮನಿಸಿ. 18+ ಸ್ಟೂಡೆಂಟ್ ಆಯ್ಸ್ಟರ್ (ಲಂಡನ್ ಬಸ್ಸು, ರೈಲಿನಲ್ಲಿ ತಟ್ಟಿ ಓಡಾಡುವ ಕಾರ್ಡಿನ ವಿದ್ಯಾರ್ಥಿ ರೂಪ) ಕೈಗೆ ಬಂತು ಅಂತ ಎಲ್ಲ ಓಡಾಟಕ್ಕೂ ರಿಯಾಯಿತಿ ಸಿಗುವುದಿಲ್ಲ. ಅದರ 30% ಕಡಿತ ವಾರದ, ತಿಂಗಳ ಪಾಸುಗಳಿಗೆ ಮಾತ್ರ. ವಾರಕ್ಕೆ ಎರಡು ಮೂರು ದಿನವಷ್ಟೇ ಕ್ಲಾಸ್ ಇದ್ದರೆ ಪಾಸು ಸಾಮಾನ್ಯವಾಗಿ ದಂಡ. ಅದರ ಬದಲು 16-25 ರೈಲ್‌ಕಾರ್ಡ್ (16ರಿಂದ 25 ವಯಸ್ಸಿನವರಿಗೆ ರೈಲು ದರದಲ್ಲಿ ರಿಯಾಯಿತಿ ಕೊಡುವ ಕಾರ್ಡು) ಮಾಡಿಸಿ, ಟ್ಯೂಬ್ (ಲಂಡನ್ ಮೆಟ್ರೋ) ಸ್ಟೇಷನ್ ಸಿಬ್ಬಂದಿಗೆ ತೋರಿಸಿ ಆಯ್ಸ್ಟರ್‌ಗೆ ಜೋಡಿಸಿಕೊಳ್ಳಿ. ಸೋಮವಾರದಿಂದ ಶುಕ್ರವಾರದವರೆಗಿನ ಬೆಳಿಗ್ಗೆ 6:30ರಿಂದ 9:30, ಸಂಜೆ 4ರಿಂದ 7ರ ದಟ್ಟಣೆ ಹೊತ್ತು ಬಿಟ್ಟರೆ ಟ್ಯೂಬ್ ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಬಸ್ಸಿಗೆ ಇದು ಅನ್ವಯಿಸದು. ವಯಸ್ಸು 26 ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ರೈಲ್‌ಕಾರ್ಡ್ ಕೊಡುತ್ತಾರೆ. ಜೋಡಿಸಿದ ಮೇಲೆ ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ತಟ್ಟಬೇಡಿ, ಪೂರ್ತಿ ದರ ಹೋಗುತ್ತದೆ. ಮೊದಲ ತಿಂಗಳು ನನಗೆ ಹಾಗೇ ಆಯಿತು. ವರ್ಷ ಕಳೆದು ರೈಲ್‌ಕಾರ್ಡ್ ನವೀಕರಿಸಿದಾಗ ಮತ್ತೊಮ್ಮೆ ಜೋಡಿಸಬೇಕು.