ಕೊಲೆ ಕಥೆಯಲ್ಲಿ ಪತ್ತೇದಾರ ಎಡವಬೇಕೇ? ಹೀಗೆ ಎಡವಿಸಿ

ಪತ್ತೇದಾರ ಆತುರಪಟ್ಟು ತಪ್ಪು ಮನುಷ್ಯನನ್ನು ಹಿಡಿಯಬೇಕು ಅಂದುಕೊಂಡು ಬರೆಯಲು ಕೂರುತ್ತೇವೆ, ಆದರೆ ಬರೆಯುತ್ತಾ ಅವನನ್ನು ಪೆದ್ದನನ್ನಾಗಿ ಮಾಡಿಬಿಡುತ್ತೇವೆ. ಹೆಣದ ಪಕ್ಕ ಯಾರದೋ ಕರ್ಚೀಫು ಸಿಕ್ಕಿತು, ಅವನೇ ಕೊಲೆಗಾರ! ಓದುವವರು ನಗುತ್ತಾರೆ ಅಷ್ಟೇ. ಅವರೂ ಪತ್ತೇದಾರನ ಜೊತೆಗೇ ಮೋಸ ಹೋಗಬೇಕು, ಅಲ್ವಾ?

ಹಾಗಾಗಿ ಅವನ ಕೈಗೆ ನಿಜವಾದ ಸುಳಿವನ್ನೇ ಕೊಡಿ. ಉದಾಹರಣೆಗೆ ಹೆಣ ಸೆಟೆದುಕೊಳ್ಳುವುದು. ಸಾಮಾನ್ಯವಾಗಿ ಸತ್ತ 2ರಿಂದ 4 ಗಂಟೆಯಲ್ಲಿ ದವಡೆ, ಕತ್ತು ಬಿಗಿಯಲು ಶುರುವಾಗಿ, ಸುಮಾರು 12 ಗಂಟೆಯ ಹೊತ್ತಿಗೆ ಇಡೀ ಮೈ ಕೊರಡಿನಂತಾಗುತ್ತದೆ. ನಿಮ್ಮ ಪತ್ತೇದಾರನಿಗೆ ಇದು ಚೆನ್ನಾಗಿ ಗೊತ್ತು. ಮಧ್ಯಾಹ್ನ ಬಂದು ನೋಡುತ್ತಾನೆ, ಹೆಣ ಪೂರ್ತಿ ಸೆಟೆದಿದೆ, ಅಂದರೆ ಕೊಲೆ ನಡೆದದ್ದು ರಾತ್ರಿ, ರಾತ್ರಿ ಮನೆಯಲ್ಲಿದ್ದವನು ಅಳಿಯ ಒಬ್ಬನೇ. ಆದರೆ ಸೆಕೆ ಜಾಸ್ತಿ ಇದ್ದರೆ ಮೈ ಬೇಗ ಸೆಟೆಯುತ್ತದೆ, ಆ ಕೋಣೆಯಲ್ಲಿ ಬೆಳಗಿನಿಂದ ಹೀಟರ್ ಉರಿಯುತ್ತಿತ್ತು. ಇದನ್ನು ಮುಚ್ಚಿಡಬೇಡಿ. ಹೊರಗಿನ ಚಳಿಯಿಂದ ಒಳಗೆ ಬಂದ ಕಾನ್‌ಸ್ಟೇಬಲ್ ಹಣೆಯ ಬೆವರು ಒರೆಸಿಕೊಂಡ ಎಂದು ಒಂದೇ ಸಾಲು ಬರೆದು, ತಕ್ಷಣ ಅಂಗಳದಲ್ಲಿ ಏನಾದರೂ ಗಲಾಟೆ ಎಬ್ಬಿಸಿ.

ಆತುರಕ್ಕೆ ಕಾರಣ ಬೇಕು. ಮೇಲಧಿಕಾರಿಯ ಫೋನು ಎಲ್ಲರೂ ಬರೆಯುತ್ತಾರೆ, ಬಿಡಿ. ಹೋದ ಸಲ ಇದೇ ಲೆಕ್ಕ ಹಾಕಿ ಗೆದ್ದಿದ್ದ ಅನ್ನುವುದು ಇನ್ನೂ ಚೆನ್ನ.

ಒಮ್ಮೆ ಅಳಿಯನೇ ಎಂದು ತಲೆಗೆ ಹೊಕ್ಕಿತೋ, ಅವನು ಕೇಳುವ ಧಾಟಿಯೇ ಬದಲಾಗಬೇಕು. ‘ರಾತ್ರಿ ಎಲ್ಲಿದ್ರಿ?’ ಎನ್ನುತ್ತಿದ್ದವನು ‘ಮಾವನ ಜೊತೆ ಜಗಳ ಆಯ್ತಲ್ಲ, ಎಷ್ಟೊತ್ತಿಗೆ?’ ಎನ್ನುತ್ತಾನೆ. ಬೆಳಿಗ್ಗೆ ಯಜಮಾನರು ಕೆಮ್ಮಿದ್ದು ಕೇಳಿಸಿತು ಎಂದು ಪಕ್ಕದ ಮನೆಯಾಕೆ ಹೇಳಿದರೆ, ಬೇರೆ ಯಾರೋ ಇರಬೇಕು ಬಿಡಿ ಎಂದು ನೋಟ್‌ಬುಕ್ ಮುಚ್ಚುತ್ತಾನೆ. ನನಗೆ ಬರೆಯಲು ಬಲು ಇಷ್ಟದ ಜಾಗ ಇದು.

ನಿಜ ಜೀವನದಲ್ಲಿ ಹೀಗೆಲ್ಲಾ ಆಗುತ್ತಾ ಅಂತೀರಾ? ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ 2007ರಲ್ಲಿ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿಯ ಕೊಲೆಯಾಯಿತು. ಅಲ್ಲಿ ಸಿಕ್ಕ ಡಿಎನ್‌ಎ ಬೇರೆ ಬೇರೆ ಊರುಗಳ ಕೊಲೆ, ಕಳ್ಳತನದ ಜಾಗಗಳಲ್ಲೂ ಸಿಕ್ಕಿದ್ದ ಒಬ್ಬಳೇ ಹೆಂಗಸಿನದ್ದು. ಅವಳಿಗಾಗಿ ಹುಡುಕಾಟವೋ ಹುಡುಕಾಟ. ಕೊನೆಗೆ 2009ರಲ್ಲಿ ಗೊತ್ತಾಯಿತು, ಅದು ಮಾದರಿ ತೆಗೆಯುವ ಹತ್ತಿಕಡ್ಡಿಗಳ ಕಾರ್ಖಾನೆಯ ಕೆಲಸಗಾರ್ತಿಯದ್ದು! ಡಿಎನ್‌ಎ ನಿಜವೇ, ಲ್ಯಾಬ್ ಓದಿದ್ದೂ ಸರಿಯೇ, ಕಡ್ಡಿಯ ಮೇಲೆ ಅನುಮಾನ ಬರಲು ಮಾತ್ರ ವರ್ಷಗಳು ಹಿಡಿದವು. ನಿಮ್ಮ ಹೀಟರ್ ಕೂಡ ಆ ಕಡ್ಡಿಯ ಹಾಗೆ ಎಲ್ಲರ ಕಣ್ಣೆದುರೇ ಇರಬೇಕು.

ತಪ್ಪು ಬಯಲಾಗುವಾಗ ಹೊಸ ಸಾಕ್ಷಿಯನ್ನು ಆಕಾಶದಿಂದ ಉದುರಿಸಬೇಡಿ. ಹಳೇ ಬೆವರೇ ಸಾಕು. ಎರಡು ದಿನ ಬಿಟ್ಟು ಅದೇ ಕೋಣೆಗೆ ಬಂದಾಗ ಚಳಿಗೆ ಮೈ ನಡುಗಿ ಅವನು ಗಕ್ಕನೆ ನಿಲ್ಲಲಿ. ಅಷ್ಟರಲ್ಲಿ ಅಳಿಯ ಎರಡು ರಾತ್ರಿ ಲಾಕಪ್ಪಿನಲ್ಲಿ ಕಳೆದಿರುತ್ತಾನೆ, ಅವನನ್ನು ಬಿಡುವ ದೃಶ್ಯವನ್ನು ದಯವಿಟ್ಟು ಹಾರಿಸಬೇಡಿ. ಅಲ್ಲಿ ಮಾತು ಬೇಡ. ಬೀಗ ತೆಗೆಯುವ ಸದ್ದು, ಅವನು ಬಗ್ಗಿ ತನ್ನ ಚಪ್ಪಲಿ ಹುಡುಕುವುದು, ಪತ್ತೇದಾರ ಬೇರೆ ಕಡೆ ನೋಡುವುದು, ಇಷ್ಟು ಬರೆದು ಆ ಅಧ್ಯಾಯ ಮುಗಿಸಿ.