ಸೈನಿಕ ಹುಳು, ಸರ್ಕಾರದ ಅನುದಾನ ಮತ್ತು ಅಕ್ಕಿ ಪತಂಗದ ಪೆಟ್ಟಿಗೆಗಳು

2018ರ ಮೇ ತಿಂಗಳಲ್ಲಿ ಶಿವಮೊಗ್ಗ ಸುತ್ತಿನ ಮೆಕ್ಕೆಜೋಳದ ಹೊಲಗಳಲ್ಲಿ ಕಾಣಿಸಿಕೊಂಡ ಹುಳು ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಎಂಬುದನ್ನು ಅಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಗುರುತಿಸಿದಾಗ, ಏಷ್ಯಾ ಖಂಡದಲ್ಲಿಯೇ ಅದು ಮೊದಲ ವರದಿಯಾಗಿತ್ತು. 2016ರ ಆರಂಭದಲ್ಲಿ ಆಫ್ರಿಕಾದಲ್ಲಿ ಪತ್ತೆಯಾಗಿದ್ದ, ಸ್ಪೊಡಾಪ್ಟೆರಾ ಫ್ರುಗಿಪರ್ಡಾ ಎಂಬ ವೈಜ್ಞಾನಿಕ ಹೆಸರಿನ ಈ ಹುಳು ಎರಡೂವರೆ ವರ್ಷದೊಳಗೆ ನಮ್ಮ ಹೊಲಕ್ಕೆ ಬಂದು ಕುಳಿತಿತ್ತು. ಇದರ ಪತಂಗ ಅನುಕೂಲವಾದ ಗಾಳಿ ಸಿಕ್ಕರೆ ಒಂದೇ ರಾತ್ರಿಯಲ್ಲಿ ಸುಮಾರು 100 ಕಿಲೋಮೀಟರ್ ಹಾರಬಲ್ಲದು. ಹೀಗಾಗಿ ಅದೇ ಮುಂಗಾರಿನಲ್ಲಿ ದಾವಣಗೆರೆ, ಹಾವೇರಿ, ಚಿತ್ರದುರ್ಗದ ರೈತರು ಸುಳಿಯಲ್ಲಿ ಲದ್ದಿ ತುಂಬಿದ ಗಿಡಗಳನ್ನು ಕಿತ್ತುಕೊಂಡು ನಮ್ಮ ಕೇಂದ್ರಕ್ಕೆ ಬರತೊಡಗಿದರು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗುರುತು, ಬಾಲದ ಹತ್ತಿರ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ. ಒಮ್ಮೆ ನೋಡಿದವರು ಮತ್ತೆ ಮರೆಯುವಂತಿರಲಿಲ್ಲ.

ನಾನು ರಾಜ್ಯದ ಒಂದು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಕಲಿಸುವವನು. ಈ ಹುಳುವಿನ ಜೈವಿಕ ಹತೋಟಿಗಾಗಿ ರಾಜ್ಯ ಸರ್ಕಾರದ ಅನುದಾನದಲ್ಲಿ ಮೂರು ವರ್ಷದ ಒಂದು ಯೋಜನೆಯನ್ನು ನಡೆಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಶೋಧನೆಯ ಫಲಿತಾಂಶಗಳು ವರದಿಗಳಲ್ಲಿ ಇದ್ದೇ ಇರುತ್ತವೆ. ಹಣ ಹೇಗೆ ಬಂತು, ಯಾವಾಗ ಬಂತು, ಬಂದದ್ದು ಯಾವುದಕ್ಕೆ ಸಾಲಲಿಲ್ಲ ಎಂಬುದನ್ನು ಯಾವ ವರದಿಯೂ ಹೇಳುವುದಿಲ್ಲವಾದ್ದರಿಂದ, ಹೊಸದಾಗಿ ಪ್ರಸ್ತಾವನೆ ಬರೆಯಲು ಕುಳಿತಿರುವ ಕಿರಿಯ ಸಹೋದ್ಯೋಗಿಗಳಿಗೆ ಇದು ಉಪಯೋಗಕ್ಕೆ ಬರಬಹುದು.

ನಮ್ಮ ಸಂಬಳ ಮತ್ತು ಕಟ್ಟಡದ ಖರ್ಚು ರಾಜ್ಯದ ಆಯವ್ಯಯದಿಂದ ಬರುತ್ತದೆ. ಸಂಶೋಧನೆಯ ಹಣವನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು. 2007ರಲ್ಲಿ ಆರಂಭವಾದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆ ಅದಕ್ಕೊಂದು ದಾರಿ. ಇದರಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40, ಮತ್ತು ಮುಖ್ಯ ಕಾರ್ಯದರ್ಶಿಗಳ ಅಧ್ಯಕ್ಷತೆಯ ರಾಜ್ಯ ಮಟ್ಟದ ಸಮಿತಿ ಮಂಜೂರಾತಿ ನೀಡುತ್ತದೆ. ರಾಜ್ಯ ಸರ್ಕಾರದ ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿಯ ಅನುದಾನಗಳು ಇನ್ನೊಂದು ದಾರಿ. ಇಲಾಖೆಗಳು ತಮ್ಮ ಅಗತ್ಯಕ್ಕೆ ತಕ್ಕಂತೆ ನೇರವಾಗಿ ವಿಶ್ವವಿದ್ಯಾಲಯಗಳಿಗೆ ಒಪ್ಪಿಸುವ ಸಣ್ಣ ಯೋಜನೆಗಳೂ ಉಂಟು. ನನ್ನದು ಇವುಗಳಲ್ಲಿ ಯಾವುದರಿಂದ ಬಂತು ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ನಾನು ಹೇಳಲಿರುವ ತೊಡಕು ಎಲ್ಲ ದಾರಿಗಳಲ್ಲೂ ಒಂದೇ ಬಗೆಯದು.

ಮೊದಲ ಪ್ರಸ್ತಾವನೆಯನ್ನು ನಾನು ನಲವತ್ತು ಪುಟ ಬರೆದಿದ್ದೆ. ಹುಳುವಿನ ಜೀವನಚಕ್ರ, ಲೋಕದ ಎಲ್ಲ ದೇಶಗಳ ಸಾಹಿತ್ಯ ಸಮೀಕ್ಷೆ ಎಲ್ಲವೂ ಅದರಲ್ಲಿತ್ತು. ಅದು ಹಾಗೆಯೇ ವಾಪಸ್ಸಾಯಿತು. ಎರಡನೆಯ ಸಲ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಕೂರಿಸಿಕೊಂಡು, “ನೋಡ್ರಿ, ಸಮಿತಿಯಲ್ಲಿ ನಿಮ್ಮ ಕಡತಕ್ಕೆ ಸಿಗೋದು ಐದು ನಿಮಿಷ. ರೈತನಿಗೆ ಏನು ಸಿಗತ್ತೆ, ಎಷ್ಟು ದಿನದಲ್ಲಿ ಸಿಗತ್ತೆ ಅನ್ನೋದು ಮೊದಲ ಪುಟದಲ್ಲಿರಲಿ” ಎಂದರು. ಅವರ ಮಾತಿನಂತೆ ಎರಡು ಪುಟದ ಸಾರಾಂಶ ಬರೆದೆ. ಸೈನಿಕ ಹುಳುವಿನ ಹೆಣ್ಣು ಪತಂಗ ಒಂದು ಗುಂಪಿನಲ್ಲಿ 100ರಿಂದ 200 ಮೊಟ್ಟೆಗಳನ್ನಿಡುತ್ತದೆ. ಮರಿಹುಳು ಸುಳಿಯೊಳಗೆ ಇಳಿದ ಮೇಲೆ ಔಷಧಿ ತಲುಪುವುದೇ ಕಷ್ಟ. ಆದ್ದರಿಂದ ಮೊಟ್ಟೆಯ ಹಂತದಲ್ಲಿಯೇ ಹಿಡಿಯಬಲ್ಲ ಪರತಂತ್ರ ಜೀವಿಗಳನ್ನೂ (ಹುಳುವಿನ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಕಣಜಗಳು) ಮರಿಹುಳುವಿಗೆ ರೋಗ ತರುವ ಶಿಲೀಂಧ್ರವನ್ನೂ ಕೇಂದ್ರದಲ್ಲಿ ಉತ್ಪಾದಿಸಿ ರೈತರಿಗೆ ತಲುಪಿಸುತ್ತೇವೆ. ಸಾರಾಂಶದ ತಿರುಳು ಇಷ್ಟೇ. ಮಂಜೂರಾಯಿತು.

ಸಮಿತಿಯಲ್ಲಿ ಒಬ್ಬರು ಕೇಳಿದ ಪ್ರಶ್ನೆ ಇಂದಿಗೂ ನೆನಪಿದೆ. ಪರಂಗಿಯ ಹಿಟ್ಟು ತಿಗಣೆಯನ್ನು ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಸಂಸ್ಥೆಯವರು ಒಂದು ಸಣ್ಣ ಕಣಜ ತಂದು ಬಿಟ್ಟು ಹತೋಟಿಗೆ ತಂದರಲ್ಲ, ನೀವೇಕೆ ಮೂರು ವರ್ಷ ಕೇಳುತ್ತೀರಿ? ಪ್ರಶ್ನೆ ನ್ಯಾಯವಾದದ್ದೇ. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಅಸೆರೊಫೇಗಸ್ ಪಪಾಯೆ ಎಂಬ ಆ ಕಣಜ ಒಮ್ಮೆ ಬಿಟ್ಟ ಮೇಲೆ ತಾನಾಗಿಯೇ ಹರಡಿತು, ಏಕೆಂದರೆ ಹಿಟ್ಟು ತಿಗಣೆ ಕೂತಲ್ಲೇ ಕೂರುವ ಕೀಟ ಮತ್ತು ಪರಂಗಿ ವರ್ಷವಿಡೀ ತೋಟದಲ್ಲಿರುವ ಗಿಡ. ಮೆಕ್ಕೆಜೋಳವಾದರೋ ನಾಲ್ಕು ತಿಂಗಳ ಬೆಳೆ, ಹುಳುವಿನ ಪತಂಗ ಊರೂರು ಅಲೆಯುವಂಥದ್ದು. ಇಲ್ಲಿ ಪ್ರತಿ ಹಂಗಾಮಿಗೂ ಹೊಸದಾಗಿ ಬಿಡಬೇಕು, ಬಿಡಲು ಪ್ರತಿ ಹಂಗಾಮಿಗೂ ಕೈಯಲ್ಲಿ ದಾಸ್ತಾನು ಇರಬೇಕು. ಹೀಗೆ ಉತ್ತರ ಹೇಳಿದೆನಾದರೂ, ಆ ದಾಸ್ತಾನನ್ನು ಹಂಗಾಮಿಲ್ಲದ ತಿಂಗಳುಗಳಲ್ಲಿ ಯಾರು ಸಾಕುತ್ತಾರೆ ಎಂಬುದಕ್ಕೆ ಹಣದ ಪಟ್ಟಿಯಲ್ಲಿ ಒಂದು ಸಾಲನ್ನೂ ನಾನು ಬರೆದಿರಲಿಲ್ಲ. ಪಟ್ಟಿಯ ದೊಡ್ಡ ಪಾಲು ಉಪಕರಣಗಳಿಗೆ ಹೋಗಿತ್ತು.

ಮಂಜೂರಾತಿ ಬಂದದ್ದು ಮುಂಗಾರಿಗೆ ಮುಂಚೆ, ಮೊದಲ ಕಂತು ಬಿಡುಗಡೆಯಾದದ್ದು 2020ರ ಜನವರಿಯಲ್ಲಿ. ನಮ್ಮ ಸೀಮೆಯಲ್ಲಿ ಮೆಕ್ಕೆಜೋಳದ ಬಿತ್ತನೆ ಜೂನ್ ತಿಂಗಳಲ್ಲಿ ಆಗುತ್ತದೆ, ಹುಳುವಿನ ಕಾಟ ಬಿತ್ತಿದ ಎರಡು ವಾರದಿಂದಲೇ ಶುರುವಾಗುತ್ತದೆ. ಜನವರಿಯಲ್ಲಿ ಬಂದ ಹಣ ಮಾರ್ಚ್ 31ರೊಳಗೆ ಖರ್ಚಾಗಬೇಕು, ಅಷ್ಟರೊಳಗೆ ಹಣಬಳಕೆ ಪ್ರಮಾಣಪತ್ರ ಹೋಗಬೇಕು, ಇಲ್ಲದಿದ್ದರೆ ಮುಂದಿನ ಕಂತಿಲ್ಲ. ಖುಷ್ಕಿ ಹೊಲ ಖಾಲಿ ಬಿದ್ದಿರುವ ಆ ಮೂರು ತಿಂಗಳಲ್ಲಿ ಖರ್ಚು ಮಾಡಲು ಸಾಧ್ಯವಿರುವುದು ಒಂದೇ, ಸಾಮಾನು ಖರೀದಿ. ಅದಕ್ಕೂ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆಗಾಗಿ 1999ರಲ್ಲಿ ಬಂದ ಅಧಿನಿಯಮದ ಪ್ರಕಾರ ಟೆಂಡರ್ ಕರೆಯಬೇಕು. ನಿಯಮ ಸರಿಯಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಯಂತ್ರದ ತಾಂತ್ರಿಕ ವಿವರಣೆ ಬರೆದು, ಅನುಮೋದನೆ ಪಡೆದು, ಬಿಡ್ ತೆರೆಯುವ ಹೊತ್ತಿಗೆ ಮಾರ್ಚ್ ಅರ್ಧ ಕಳೆದಿತ್ತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಕೊಳ್ಳಬೇಕಿದ್ದ ಇನ್‌ಕ್ಯುಬೇಟರ್ ಮಾರುವವರ ಗೋದಾಮಿನಲ್ಲೇ ಉಳಿಯಿತು, ಹಣ ಖಾತೆಯಲ್ಲೇ ಉಳಿಯಿತು.

ಆ ಹೊತ್ತಿನ ನಿಜವಾದ ನಷ್ಟ ಬೇರೆಯೇ ಆಗಿತ್ತು. ಅದನ್ನು ಹೇಳಲು ಪ್ರಯೋಗಾಲಯದೊಳಕ್ಕೆ ಬರಬೇಕು.

ಟ್ರೈಕೋಗ್ರಾಮಾ ಎಂಬ ಮೊಟ್ಟೆಯ ಪರತಂತ್ರ ಜೀವಿಯನ್ನು ಸಾಕುವುದು ಅಕ್ಕಿ ಪತಂಗದ, ಅಂದರೆ ಕೊರ್ಸೈರಾದ, ಮೊಟ್ಟೆಗಳ ಮೇಲೆ. ಮರದ ಒಂದೊಂದು ಪೆಟ್ಟಿಗೆಗೆ ಎರಡೂವರೆ ಕಿಲೋ ನುಚ್ಚು ಮಾಡಿದ ಜೋಳ ಅಥವಾ ಸಜ್ಜೆ, 100 ಗ್ರಾಂ ಕುಟ್ಟಿದ ಶೇಂಗಾ, ಸ್ವಲ್ಪ ಯೀಸ್ಟ್, ಸ್ವಲ್ಪ ಗಂಧಕ ಬೆರೆಸಿ ಅದರ ಮೇಲೆ ಪತಂಗದ ಮೊಟ್ಟೆ ಉದುರಿಸುತ್ತೇವೆ. ಸುಮಾರು 40 ದಿನಕ್ಕೆ ಪತಂಗಗಳು ಹೊರಬರತೊಡಗುತ್ತವೆ. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಅವುಗಳನ್ನು ಹಿಡಿದು ತಂತಿಬಲೆಯ ಡಬ್ಬಿಗೆ ಹಾಕಬೇಕು, ಮರುದಿನ ಕೆಳಗೆ ಉದುರಿದ ಮೊಟ್ಟೆಗಳನ್ನು ಜರಡಿ ಹಿಡಿದು ರೆಕ್ಕೆಯ ಪುಡಿ, ಕಾಲಿನ ಚೂರುಗಳಿಂದ ಬೇರೆ ಮಾಡಬೇಕು, ಅತಿನೇರಳೆ ದೀಪದ ಕೆಳಗಿಟ್ಟು ಭ್ರೂಣ ಸಾಯುವಂತೆ ಮಾಡಿ ಅಂಟು ಬಳಿದ ಕಾರ್ಡಿನ ಮೇಲೆ ತೆಳ್ಳಗೆ ಹರಡಬೇಕು. ಟ್ರೈಕೋಗ್ರಾಮಾ ಮೊಟ್ಟೆ ಇಟ್ಟ ಮೂರು ನಾಲ್ಕು ದಿನಕ್ಕೆ ಕಾರ್ಡು ಕಪ್ಪಗಾದರೆ ಕೆಲಸ ಸರಿಯಾಗಿದೆ ಎಂದರ್ಥ. ಈ ಕೆಲಸಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ. ಪತಂಗದ ರೆಕ್ಕೆಯ ಪುಡಿ ಮೂಗಿಗೆ ಹೋಗಿ ವರ್ಷದೊಳಗೆ ಕೆಮ್ಮು ಹಿಡಿಯುತ್ತದೆ. ನಮ್ಮಲ್ಲಿ ಈ ಕೆಲಸ ಮಾಡುತ್ತಿದ್ದವರು ಹೊರಗುತ್ತಿಗೆಯ ಒಬ್ಬ ಹೆಂಗಸು, ವಿದ್ಯಾರ್ಥಿಗಳಿಂದ ಪ್ರಾಧ್ಯಾಪಕರವರೆಗೆ ಎಲ್ಲರಿಗೂ ಅವರು ಅಕ್ಕ. ಮುಖಕ್ಕೆ ಸೆರಗು ಬಿಗಿದು ಕಟ್ಟಿಕೊಂಡೇ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಿದ್ದರು.

ಮೊದಲ ಕಂತಿನಲ್ಲಿ ಕೂಲಿಯ ಬಾಬತ್ತು ಸಣ್ಣದಿತ್ತು, ಅದೂ ಬಿಡುಗಡೆಯಾದ ತಿಂಗಳಿಂದ ಮಾತ್ರ ಲೆಕ್ಕ. ಲಾಕ್‌ಡೌನಿನಲ್ಲಿ ಬಸ್ಸಿರಲಿಲ್ಲ, ಅಕ್ಕನಿಗೆ ಎರಡು ತಿಂಗಳ ಕೂಲಿ ಬಾಕಿ ಇತ್ತು, ಬರಲಿಲ್ಲ. ನಾನು ಕೇಂದ್ರದ ವಸತಿಯಲ್ಲಿಯೇ ಇದ್ದುದರಿಂದ ದಿನಕ್ಕೊಮ್ಮೆ ಹೋಗಿ ಪೆಟ್ಟಿಗೆಗಳನ್ನು ನೋಡಿಕೊಂಡೆ. ನೋಡಿಕೊಳ್ಳುವುದಕ್ಕೂ ಆ ಕೆಲಸ ಬಲ್ಲವರ ಕಣ್ಣಿಗೂ ಇರುವ ವ್ಯತ್ಯಾಸ ಮೂರನೇ ವಾರಕ್ಕೆ ತಿಳಿಯಿತು. ಒಂದು ಪೆಟ್ಟಿಗೆಯ ಬಲೆಬಟ್ಟೆಯಲ್ಲಿ ಸಣ್ಣ ಹರಕು ಬಿದ್ದು ಬ್ರಾಕಾನ್ ಎಂಬ ಇನ್ನೊಂದು ಕಣಜ ಒಳನುಗ್ಗಿತ್ತು. ತೆಂಗಿನ ಕಪ್ಪುತಲೆ ಹುಳುವಿನ ಹತೋಟಿಗೆ ಇದೇ ಜಾತಿಯ ಕಣಜಗಳನ್ನು ನಾವೇ ಬಿಡುತ್ತೇವೆ, ಆದರೆ ಕೊರ್ಸೈರಾ ಕೋಣೆಯಲ್ಲಿ ಅದು ಕಳ್ಳ. ಮರಿಹುಳುಗಳನ್ನು ಕುಟುಕಿ ನಿಶ್ಚೇಷ್ಟಗೊಳಿಸಿ ಅವುಗಳ ಮೈಮೇಲೆ ಮೊಟ್ಟೆಯಿಡುತ್ತದೆ. ಜೋಳದ ನುಚ್ಚಿನ ಮೇಲೆ ಬಿಳಿಯ ಸಣ್ಣ ಗೂಡುಗಳು ಕಂಡಾಗ ಹೊತ್ತು ಮೀರಿತ್ತು. ಕೋಣೆಯ ಎಲ್ಲ ಪೆಟ್ಟಿಗೆಗಳ ನುಚ್ಚನ್ನೂ ಹೊರಗೆ ಸುಟ್ಟು, ಪೆಟ್ಟಿಗೆಗಳನ್ನು ತೊಳೆದು ಬಿಸಿಲಿಗೆ ಹಾಕಿದೆ. ಜೂನ್ ತಿಂಗಳಲ್ಲಿ ಬಿಡಲು ನಮ್ಮ ಬಳಿ ಒಂದು ಕಾರ್ಡೂ ಇರಲಿಲ್ಲ.

ಆ ಮುಂಗಾರಿನಲ್ಲಿ ಪ್ರಾತ್ಯಕ್ಷಿಕೆಗೆ ಹೊಲ ಕೊಟ್ಟಿದ್ದ ಹಾವೇರಿ ಕಡೆಯ ರೈತರೊಬ್ಬರು ಫೋನಿನಲ್ಲಿ ಕೇಳಿದರು, “ಸರ್, ನಿಮ್ ರೊಕ್ಕ ಬರೂತನಕ ಹುಳ ಕಾಯ್ತೈತೇನ್ರಿ?” ಅವರ ಹೊಲಕ್ಕೆ ಆ ವರ್ಷ ನಾವು ಕೊಟ್ಟದ್ದು ವಿಷ ಪಾಷಾಣದ ಸಲಹೆ ಮಾತ್ರ. ಎಕರೆಗೆ 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲವನ್ನು ನೀರಿನಲ್ಲಿ ಕಲಸಿ ಒಂದು ದಿನ ಹುಳಿಯಲು ಬಿಟ್ಟು, ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಬೆರೆಸಿ ಸುಳಿಗೆ ಹಾಕುವುದು. ಕೆಲಸ ಮಾಡುವ ಉಪಾಯವೇ, ಆದರೆ ಅದಕ್ಕೆ ನನ್ನ ಯೋಜನೆಯ ಅಗತ್ಯವಿರಲಿಲ್ಲ.

ಎರಡನೆಯ ವರ್ಷಕ್ಕೆ ಮೂರು ಬದಲಾವಣೆ ಮಾಡಿದೆ. ಮೊದಲನೆಯದು ಬಾಬತ್ತುಗಳ ಮರುಹಂಚಿಕೆ. ಇನ್‌ಕ್ಯುಬೇಟರ್ ಬೇಡ, ಆ ಹಣವನ್ನು ಕೂಲಿಗೆ ಮತ್ತು ಸಾಕಣೆಯ ದಿನಬಳಕೆಗೆ ತಿರುಗಿಸಲು ಅನುಮತಿ ಕೊಡಿ ಎಂದು ಬರೆದೆ. ಬಂಡವಾಳ ವೆಚ್ಚವನ್ನು ರಾಜಸ್ವ ವೆಚ್ಚಕ್ಕೆ ತಿರುಗಿಸುವುದು ಸಾಮಾನ್ಯವಾಗಿ ಒಪ್ಪದ ಮಾತು. ಲೆಕ್ಕಪತ್ರ ವಿಭಾಗದವರು ಎರಡು ಸಲ ಕಡತ ಹಿಂತಿರುಗಿಸಿದರು. ಸುಟ್ಟ ನುಚ್ಚಿನ ಫೋಟೋ, ಖಾಲಿ ಪೆಟ್ಟಿಗೆಗಳ ಫೋಟೋ ಲಗತ್ತಿಸಿ ಮೂರನೆಯ ಸಲ ಕಳುಹಿಸಿದಾಗ ಅರ್ಧಕ್ಕೆ ಒಪ್ಪಿಗೆ ಸಿಕ್ಕಿತು. ಟಿಪ್ಪಣಿಯಲ್ಲಿ ಎಷ್ಟು ತರ್ಕ ಬರೆದರೂ ಆಗದ ಕೆಲಸ ಆ ಫೋಟೋಗಳಿಂದ ಆಯಿತು ಎಂಬುದು ನನ್ನ ನಂಬಿಕೆ.

ಎರಡನೆಯದು ಆವರ್ತ ನಿಧಿ. ಬೀಜ, ಸಸಿ, ಎರೆಗೊಬ್ಬರ ಮಾರಿದ ಹಣವನ್ನು ಮತ್ತೆ ಅದೇ ಉತ್ಪಾದನೆಗೆ ಬಳಸುವ ಈ ವ್ಯವಸ್ಥೆ ಕೃಷಿ ವಿಶ್ವವಿದ್ಯಾಲಯಗಳಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ಹಳೆಯದು. ಇದರ ಹಣ ಮಾರ್ಚ್ 31ಕ್ಕೆ ಸಾಯುವುದಿಲ್ಲ. ಟ್ರೈಕೋ ಕಾರ್ಡುಗಳನ್ನು ಕಡಿಮೆ ಬೆಲೆಗೆ ಕಬ್ಬಿನ ರೈತರಿಗೂ ಮಾರಲು ಆರಂಭಿಸಿದೆವು, ಏಕೆಂದರೆ ಕಬ್ಬಿನ ಕಾಂಡಕೊರಕಕ್ಕೂ ಟ್ರೈಕೋಗ್ರಾಮಾ ಬೇಕು ಮತ್ತು ಆ ಬೇಡಿಕೆ ಮೆಕ್ಕೆಜೋಳದ ಹಂಗಾಮು ಮುಗಿದ ಮೇಲೂ ಇರುತ್ತದೆ. ಅಕ್ಕನ ಕೂಲಿ ಅಲ್ಲಿಂದ ಹೊರಟಿತು. ಇಲ್ಲೊಂದು ಕಾನೂನಿನ ವಿಷಯವನ್ನು ಹೊಸಬರು ಗಮನಿಸಬೇಕು. ಕೀಟನಾಶಕಗಳ ಅಧಿನಿಯಮ, 1968ರಡಿ ಪರತಂತ್ರ ಕೀಟಗಳಿಗೆ ನೋಂದಣಿ ಬೇಕಿಲ್ಲ. ಶಿಲೀಂಧ್ರದಂತಹ ಸೂಕ್ಷ್ಮಜೀವಿಗಳಿಗೆ ಬೇಕು. ಸೈನಿಕ ಹುಳುವಿಗೆ ರೋಗ ತರುವ ಮೆಟಾರೈಜಿಯಂ ರಿಲೆಯಿ ಎಂಬ ಶಿಲೀಂಧ್ರವನ್ನು ಅಕ್ಕಿಯ ಮೇಲೆ ಬೆಳೆಸುವುದು ಸುಲಭ, ಲೀಟರಿಗೆ 3 ಗ್ರಾಂನಂತೆ ಸುಳಿಗೆ ಸಿಂಪಡಿಸಿದರೆ ತೇವದ ದಿನಗಳಲ್ಲಿ ಹುಳುಗಳು ಬೆಳ್ಳಗಾಗಿ ಗಟ್ಟಿಯಾಗಿ ಎಲೆಗೆ ಅಂಟಿಕೊಂಡು ಸಾಯುತ್ತವೆ, ಆಮೇಲೆ ಮೈಮೇಲೆ ತಿಳಿಹಸಿರು ಪುಡಿ ಮೂಡುತ್ತದೆ. ಧಾರವಾಡದಲ್ಲಿ ಈ ಶಿಲೀಂಧ್ರದ ಮೇಲೆ, ಅದು ನೊಮುರಿಯಾ ಎಂಬ ಹಳೆಯ ಹೆಸರಿನಲ್ಲಿದ್ದಾಗಲೇ, ವರ್ಷಗಳ ಕೆಲಸ ನಡೆದಿತ್ತು. ನಮಗೆ ಅದು ಬಹಳ ನೆರವಾಯಿತು. ಆದರೆ ನೋಂದಣಿ ಇಲ್ಲದ ಕಾರಣ ಅದನ್ನು ಪ್ರಾತ್ಯಕ್ಷಿಕೆಯ ಹೊಲಗಳಿಗಷ್ಟೇ ಕೊಟ್ಟೆವು, ಮಾರಲಿಲ್ಲ. ನೋಂದಣಿಗೆ ಬೇಕಾದ ವಿಷಪರೀಕ್ಷೆಗಳ ಖರ್ಚನ್ನು ಪ್ರಸ್ತಾವನೆಯಲ್ಲಿ ಕೇಳಲು ಯಾರಿಗೂ ತೋಚುವುದಿಲ್ಲ. ನನಗೂ ತೋಚಿರಲಿಲ್ಲ.

ಮೂರನೆಯದು ಬಿತ್ತನೆ. ಕೇಂದ್ರದಲ್ಲಿ ಕೊಳವೆಬಾವಿ ಇದ್ದುದರಿಂದ ಹಿಂಗಾರಿಗೂ ಬೇಸಿಗೆಗೂ ಹದಿನೈದು ದಿನಕ್ಕೊಮ್ಮೆ ಒಂದೊಂದು ಗುಂಟೆ ಮೆಕ್ಕೆಜೋಳ ಹಾಕಿಸಿದೆ. ಹಣ ಯಾವ ತಿಂಗಳಲ್ಲಿ ಬಂದರೂ ಹೊಲದಲ್ಲಿ ಒಂದಲ್ಲ ಒಂದು ಹಂತದ ಬೆಳೆ, ಅದರಲ್ಲಿ ಹುಳು ಇರುತ್ತಿತ್ತು. ಅಕ್ಕಪಕ್ಕದ ರೈತರು ಇದಕ್ಕೆ ಸರಿಯಾಗಿಯೇ ಆಕ್ಷೇಪಿಸಿದರು, ಏಕೆಂದರೆ ವರ್ಷವಿಡೀ ಬೆಳೆ ಇಟ್ಟರೆ ಹುಳುವಿಗೆ ವರ್ಷವಿಡೀ ಊಟ ಹಾಕಿದಂತೆ. ಮರುವರ್ಷ ಆ ತಾಕುಗಳನ್ನು ಬಲೆಮನೆಯೊಳಗೆ ತಂದೆವು.

ಟ್ರೈಕೋಗ್ರಾಮಾ ಒಂದರಿಂದಲೇ ಸಾಲದು ಎಂಬುದು ಕೆಲಸ ಮಾಡುತ್ತಾ ತಿಳಿದ ಇನ್ನೊಂದು ಸಂಗತಿ. ಸೈನಿಕ ಹುಳುವಿನ ಮೊಟ್ಟೆಗಳು ಪದರ ಪದರವಾಗಿ, ಮೇಲೆ ಕೂದಲಿನ ಹೊದಿಕೆಯೊಂದಿಗೆ ಇರುತ್ತವೆ. ಈ ಕಣಜ ಮೇಲಿನ ಪದರವನ್ನು ದಾಟುವುದು ಕಡಿಮೆ. ಕೆಳಗಿನ ಮೊಟ್ಟೆಗಳನ್ನೂ ತಲುಪಬಲ್ಲದ್ದು ಟೆಲಿನೋಮಸ್ ರೀಮಸ್ ಎಂಬ ಇನ್ನೊಂದು ಕಣಜ. ಆದರೆ ಅದನ್ನು ನಾವು ಸಾಕಿದ್ದು ಕೊರ್ಸೈರಾ ಮೊಟ್ಟೆಯ ಮೇಲಲ್ಲ, ಸ್ಪೊಡಾಪ್ಟೆರಾದ ತಾಜಾ ಮೊಟ್ಟೆಯ ಮೇಲೆ. ಅಂದರೆ ದಿನಾ ಔಡಲ ಸೊಪ್ಪು ತಂದು ಇನ್ನೊಂದು ಹುಳುವಿನ ಸಂಸಾರವನ್ನು ಸಾಕಬೇಕು, ಇನ್ನೊಬ್ಬರಿಗೆ ಕೂಲಿ ಕೊಡಬೇಕು. ಮೂರನೆಯ ವರ್ಷದ ಪಟ್ಟಿಯಲ್ಲಿ ಅದನ್ನು ಸೇರಿಸಿದೆವು, ಆ ಕಂತು ಆಗಸ್ಟ್ ತಿಂಗಳಲ್ಲೇ ಬಂದದ್ದು ನಮ್ಮ ಅದೃಷ್ಟ. ಹಾವೇರಿಯ ಅದೇ ರೈತರ ತಡವಾಗಿ ಬಿತ್ತಿದ ತಾಕಿನಲ್ಲಿ, ಬಿಟ್ಟ ಹತ್ತು ದಿನದ ಮೇಲೆ, ಎಲೆಯ ಹಿಂಬದಿಯ ಮೊಟ್ಟೆಗುಂಪೊಂದನ್ನು ಕತ್ತರಿಸಿ ಗಾಜಿನ ಕೊಳವೆಯಲ್ಲಿಟ್ಟು ಕಾದೆ. ಹುಳುವಿನ ಮರಿ ಒಂದೂ ಬರಲಿಲ್ಲ, ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಕಣಜಗಳು ಹತ್ತಿಯ ಬಿರಡೆಯತ್ತ ಹತ್ತಿದವು.

ಯೋಜನೆ ಮುಗಿದು ಲೆಕ್ಕ ಒಪ್ಪಿಸಿ, ಉಳಿದ ಹಣವನ್ನು ಬಡ್ಡಿಯೊಂದಿಗೆ ಹಿಂತಿರುಗಿಸಿದ್ದೇವೆ. ಪೆಟ್ಟಿಗೆಗಳು ಆವರ್ತ ನಿಧಿಯಲ್ಲಿ ನಡೆಯುತ್ತಿವೆ, ಔಡಲ ಸೊಪ್ಪಿನ ಸಾಕಣೆ ನಿಂತಿದೆ. ಅದನ್ನು ಮತ್ತೆ ಶುರುಮಾಡಲು ಈ ವರ್ಷ ಹೊಸ ಪ್ರಸ್ತಾವನೆ ಕಳುಹಿಸಿದೆ. ಅದರಲ್ಲಿ ಉಪಕರಣವೆಂದು ಕೇಳಿರುವುದು ಒಂದು ಫ್ರಿಜ್ ಮಾತ್ರ. ಪಟ್ಟಿಯ ಮೊದಲ ಸಾಲು, ‘ಕೀಟ ಸಾಕಣೆಯ ಕೂಲಿ, ಇಬ್ಬರಿಗೆ, ವರ್ಷಕ್ಕೆ 12 ತಿಂಗಳು’. ಪರಿಶೀಲಕರು ಅದರ ಎದುರು, ಬೆಳೆ ಇರುವುದು ನಾಲ್ಕು ತಿಂಗಳು, 12 ತಿಂಗಳ ಕೂಲಿಗೆ ಸಮರ್ಥನೆ ನೀಡಿ ಎಂದು ಬರೆದಿದ್ದಾರೆ. ಅಕ್ಕ ಬರೆದಿಡುವ ಕೊರ್ಸೈರಾ ದಿನಚರಿಯಲ್ಲಿ 2020ರ ಏಪ್ರಿಲ್ ತಿಂಗಳ ಖಾಲಿ ಪುಟವನ್ನೂ ಮರುವರ್ಷದ ಏಪ್ರಿಲ್ ತಿಂಗಳ ತುಂಬಿದ ಪುಟವನ್ನೂ ಜೆರಾಕ್ಸ್ ಮಾಡಿಸಿ ಉತ್ತರದ ಜೊತೆ ಲಗತ್ತಿಸಿದ್ದೇನೆ.