ಹೆಚ್ಚಾದ ಗಾಳಿಗೆ ಒಂದು ದಾರಿ: ನಮ್ಮ ಮೀನಿನ ತೊಟ್ಟಿಯ ಏರ್ ಪಂಪ್ ಹತೋಟಿಗೆ ಬಂದದ್ದು ಹೀಗೆ

ನಮ್ಮ ಮನೆ ಮಡಿಕೇರಿ ಪೇಟೆಯಿಂದ ಸ್ವಲ್ಪ ಕೆಳಗಿದೆ. ಹಾಲ್‌ನಲ್ಲಿ ಎರಡು ಮೀನಿನ ತೊಟ್ಟಿಗಳಿವೆ. ಒಂದು ಎರಡು ಅಡಿ ಉದ್ದದ್ದು, ಅದರಲ್ಲಿ ಎರಡು ಗೋಲ್ಡ್‌ಫಿಶ್. ಇನ್ನೊಂದು 20 ಲೀಟರಿನ ಚಿಕ್ಕದು, ಅದರಲ್ಲಿ ಮಗಳ ಫೈಟರ್ ಮೀನು. ಎರಡಕ್ಕೂ ಸೇರಿ ಒಂದೇ ಏರ್ ಪಂಪ್. ಪಂಪಿನಿಂದ ಬಂದ ಪೈಪನ್ನು T ಆಕಾರದ ಒಂದು ಜೋಡಣೆ ಹಾಕಿ ಎರಡು ಮಾಡಿ, ಎರಡು ತೊಟ್ಟಿಗಳ ಸ್ಪಾಂಜ್ ಫಿಲ್ಟರಿಗೂ ಕೊಟ್ಟಿದ್ದೆ.

ತೊಂದರೆ ಶುರುವಾಗಿದ್ದು ಫೈಟರ್ ಮೀನಿನಿಂದ. ಅದು ದಿನವಿಡೀ ಹೀಟರಿನ ಹಿಂದೆ ಮೂಲೆಗೆ ಅಂಟಿಕೊಂಡಿರುತ್ತಿತ್ತು. ಊಟ ಹಾಕಿದರೆ ಹೊರಗೆ ಬರುತ್ತಿತ್ತು, ನೀರಿನ ಸೆಳೆತಕ್ಕೆ ಸಿಕ್ಕಿ ಉದ್ದನೆಯ ರೆಕ್ಕೆ ಮಡಚಿಕೊಂಡು ಮತ್ತೆ ಮೂಲೆಗೆ ಹೋಗುತ್ತಿತ್ತು. "ಅಮ್ಮಾ, ಇದಕ್ಕೆ ಸುಸ್ತಾಗ್ತಿದೆ" ಎಂದು ಮಗಳು ಹೇಳಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಫೈಟರ್ ನಿಂತ ನೀರಿನ ಮೀನು. ಭತ್ತದ ಗದ್ದೆ, ಹೊಂಡಗಳಲ್ಲಿ ಬದುಕುವ ಜಾತಿ. ಮೇಲೆ ಬಂದು ನೇರವಾಗಿ ಗಾಳಿ ಕುಡಿಯುವ ಅಂಗವೂ ಅದಕ್ಕಿದೆ. ಅಷ್ಟು ಗುಳ್ಳೆ ಅದಕ್ಕೆ ಬೇಕಾಗಿಯೇ ಇರಲಿಲ್ಲ.

ಹಾಗಂತ ಪಂಪ್ ನಿಲ್ಲಿಸುವ ಹಾಗೂ ಇಲ್ಲ. ಸ್ಪಾಂಜ್ ಫಿಲ್ಟರಿನಲ್ಲಿ ಗುಳ್ಳೆ ಮೇಲೇರುವಾಗ ನೀರನ್ನೂ ಜೊತೆಗೆ ಎಳೆಯುತ್ತದೆ. ಆ ನೀರು ಸ್ಪಾಂಜಿನ ಮೂಲಕ ಹಾದು ಬರುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತದೆ. ಗುಳ್ಳೆ ನಿಂತರೆ ಆ ಕೆಲಸವೂ ನಿಲ್ಲುತ್ತದೆ. ನನಗೆ ಬೇಕಾಗಿದ್ದು ಸ್ವಲ್ಪವೇ ಗಾಳಿ, ಆದರೆ ಇಪ್ಪತ್ನಾಲ್ಕು ಗಂಟೆಯೂ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಪೈಪನ್ನು ಮಡಚಿ ಬಟ್ಟೆ ಕ್ಲಿಪ್ ಹಾಕಿದೆ. ಗುಳ್ಳೆ ಕಡಿಮೆಯಾಯಿತು. ಮೀನು ಮೂಲೆಯಿಂದ ಹೊರಗೆ ಬಂತು. ಆದರೆ ಗೋಲ್ಡ್‌ಫಿಶ್ ತೊಟ್ಟಿಯಲ್ಲಿ ನೀರು ಕುದಿಯುವ ಹಾಗೆ ಗುಳ್ಳೆ ಏಳತೊಡಗಿತು. ಸರಿ ಎಂದು ಆ ಪೈಪಿಗೂ ಒಂದು ಕ್ಲಿಪ್ ಹಾಕಿದೆ. ಪಂಪಿನ ಸದ್ದು ಗುಂಯ್ ಅಂತಿದ್ದದ್ದು ಗರ್ ಎನ್ನತೊಡಗಿತು. ಮುಟ್ಟಿದರೆ ಮೊದಲಿಗಿಂತ ಬಿಸಿ. ಮೂರು ವಾರದಲ್ಲಿ ಎರಡೂ ಕಡೆ ಗಾಳಿ ಸೋತುಹೋಯಿತು.

ಪ್ಲಗ್ ತೆಗೆದು ಪಂಪನ್ನು ಬಿಚ್ಚಿ ನೋಡಿದೆ. ಒಳಗಿರುವುದು ಬಹಳ ಸರಳ. ಒಂದು ಕಾಯಿಲ್. ಅದರ ಎದುರಿಗೆ ತುದಿಯಲ್ಲಿ ಅಯಸ್ಕಾಂತ ಇರುವ ಒಂದು ಸಣ್ಣ ತೋಳು. ಆ ತೋಳಿಗೆ ಸಿಕ್ಕಿಸಿದ ರಬ್ಬರ್ ಬಟ್ಟಲು, ಅದೇ ಡಯಾಫ್ರಾಂ. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ತೋಳು ಸೆಕೆಂಡಿಗೆ 50 ಸಲ ಆಚೆ ಈಚೆ ಅಲ್ಲಾಡಿ ರಬ್ಬರನ್ನು ಒತ್ತುತ್ತದೆ, ಬಿಡುತ್ತದೆ. ಲೆಕ್ಕ ಹಾಕಿದರೆ ದಿನಕ್ಕೆ 43 ಲಕ್ಷ ಸಲ. ಗಾಳಿಗೆ ಹೊರಗೆ ಹೋಗಲು ಜಾಗ ಇಲ್ಲದಿದ್ದರೆ ಅಷ್ಟು ಸಲವೂ ಆ ರಬ್ಬರಿಗೆ ಎದುರೇಟು. ನನ್ನ ಪಂಪಿನ ರಬ್ಬರ್ ಅಂಚಿನಲ್ಲಿ ಉಗುರಿನಷ್ಟು ಉದ್ದ ಹರಿದಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ಪಾಪ ಅನ್ನಿಸಿತು.

ಪರಿಹಾರ ಹೊಳೆದದ್ದು ಕಾಫಿ ತೋಟದಲ್ಲಿ. ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಕರಿಮೆಣಸಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅಣ್ಣನ ತೋಟದಲ್ಲಿ ಪವರ್ ಸ್ಪ್ರೇಯರ್ ಓಡುತ್ತಿತ್ತು. ಹುಡುಗ ಒಂದು ಬಳ್ಳಿ ಮುಗಿಸಿ ಗನ್ ಮುಚ್ಚಿ ಇನ್ನೊಂದು ಮರಕ್ಕೆ ಹೋದ. ಮೋಟಾರು ನಿಲ್ಲಲಿಲ್ಲ. ಔಷಧಿ ಇನ್ನೊಂದು ಪೈಪಿನಿಂದ ಜರ್ ಎಂದು ವಾಪಸ್ ಡ್ರಮ್ಮಿಗೆ ಬೀಳತೊಡಗಿತು. "ಅದು ಯಾಕಣ್ಣ?" ಎಂದು ಕೇಳಿದೆ. "ಆ ದಾರಿ ಇಲ್ಲದಿದ್ರೆ ಪೈಪ್ ಒಡೆದುಹೋಗುತ್ತೆ ಕಣಮ್ಮ. ಪಂಪು ಅದರ ಪಾಡಿಗೆ ಓಡ್ತಿರಬೇಕು. ನಮಗೆ ಬೇಕಾದಷ್ಟು ನಾವು ತಗೋಬೇಕು, ಮಿಕ್ಕಿದ್ದು ವಾಪಸ್" ಎಂದ. ನನಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು. (ಅಂದು ಮನೆಗೆ ಬಂದವಳು ಸೋಪು ಹಾಕಿ ಕೈ ಚೆನ್ನಾಗಿ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ತೊಟ್ಟಿಯ ಹತ್ತಿರ ಹೋದೆ. ಬೋರ್ಡೋದಲ್ಲಿ ಮೈಲುತುತ್ತು ಇರುತ್ತದೆ. ತಾಮ್ರ ಮೀನಿಗೆ ವಿಷ. ತೋಟದ ಕೆಲಸ ಇರುವವರು ಇದನ್ನು ಮರೆಯಬೇಡಿ.)

ಕುಶಾಲನಗರಕ್ಕೆ ಹೋದಾಗ ಹೊಸ ಡಯಾಫ್ರಾಂ, ಮೂರು ಬಾಯಿಯ ವಾಲ್ವ್ ಸಾಲು, ಎರಡು ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್), ಎರಡು ಮೀಟರ್ ಏರ್ ಪೈಪು ತಂದೆ. ಅಂಗಡಿಯವರು ಕ್ಲಿಪ್ಪಿನ ಬದಲಿಗೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಪೈಪಿನ ಚಕ್ರ ಹಾಕಬಹುದು ಅಂದರು. ಅದರಿಂದ ಗಾಳಿಯನ್ನು ನಯವಾಗಿ ಕಡಿಮೆ ಮಾಡಬಹುದು, ನಿಜ. ಆದರೆ ಅದೂ ಅಮುಕುವ ಸಾಧನವೇ. ಹೊರಗೆ ಬಿಡುವ ದಾರಿ ಇಲ್ಲದೆ ಅದನ್ನು ಹಾಕಿದರೆ ರಬ್ಬರಿನ ಪಾಡು ಮೊದಲಿನಂತೆಯೇ.

ಮೂರು ವಾಲ್ವ್‌ಗಳಲ್ಲಿ ಒಂದನ್ನು ಗೋಲ್ಡ್‌ಫಿಶ್ಶಿಗೆ, ಒಂದನ್ನು ಫೈಟರಿಗೆ ಕೊಟ್ಟೆ. ಮೂರನೆಯದಕ್ಕೆ ತೊಟ್ಟಿಯೇ ಇಲ್ಲ, ಅದರ ಬಾಯಿ ಗಾಳಿಗೆ ತೆರೆದಿದೆ. ಇಡೀ ಉಪಾಯ ಇಷ್ಟೇ. ಫೈಟರಿಗೆ ಕಡಿಮೆ ಬೇಕೆಂದರೆ ಅದರ ವಾಲ್ವ್ ಸ್ವಲ್ಪ ಮುಚ್ಚುತ್ತೇನೆ, ಮೂರನೆಯದನ್ನು ಸ್ವಲ್ಪ ತೆರೆಯುತ್ತೇನೆ. ಪಂಪಿಗೆ ಏನೂ ಗೊತ್ತಾಗುವುದಿಲ್ಲ. ಅದರ ಸದ್ದು ಬದಲಾಗದಿದ್ದರೆ ಸರಿಯಾಗಿ ಮಾಡಿದ್ದೇನೆ ಎಂದು ತಿಳಿಯುತ್ತೇನೆ.

ತೆರೆದ ಬಾಯಿಯಿಂದ ಸುಯ್ ಎಂಬ ಸದ್ದು ಬಂತು. ಅತ್ತೆಗೆ ನಿದ್ದೆ ಬರಲಿಲ್ಲ. ತೊಟ್ಟಿಯಲ್ಲಿ ಸಣ್ಣ ಗುಳ್ಳೆ ಬಿಡಲು ಹಾಕುವ ತೂತಿನ ಕಲ್ಲು, ಹಳೆಯ ಏರ್ ಸ್ಟೋನ್ ಒಂದನ್ನು ಒಣಗಿಸಿ ಆ ಬಾಯಿಗೆ ಸಿಕ್ಕಿಸಿದೆ. ಗಾಳಿ ನೂರು ತೂತುಗಳಲ್ಲಿ ಹಂಚಿಹೋಗಿ ಸದ್ದು ನಿಂತೇಹೋಯಿತು.

ಎಷ್ಟು ಗಾಳಿ ಹೋಗುತ್ತಿದೆ ಎಂದು ಕಣ್ಣಂದಾಜಿನಲ್ಲಿ ಹೇಳಲು ಆಗುವುದಿಲ್ಲ. ನಾನು ಅಳೆಯುವ ರೀತಿ ಇದು. ಒಂದು ಲೀಟರ್ ಬಾಟಲಿಯನ್ನು ತೊಟ್ಟಿಯಲ್ಲೇ ಮುಳುಗಿಸಿ ನೀರು ತುಂಬಿಸಬೇಕು. ಬಾಯಿ ಕೆಳಗೆ ಮಾಡಿ, ನೀರಿನೊಳಗೇ ಇಟ್ಟು, ಗುಳ್ಳೆ ಏಳುವ ಜಾಗದ ಮೇಲೆ ಹಿಡಿಯಬೇಕು. ಗುಳ್ಳೆ ಒಳಗೆ ಹೋಗಿ ನೀರನ್ನು ಹೊರಗೆ ತಳ್ಳುತ್ತದೆ. ಬಾಟಲಿ ಖಾಲಿಯಾಗಲು ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ನೋಡಬೇಕು. ಮಗಳಿಗೆ ಇದು ಬಹಳ ಇಷ್ಟದ ಕೆಲಸ. ಪಂಪಿನ ಪೂರ್ತಿ ಗಾಳಿ ಒಂದೇ ತೊಟ್ಟಿಗೆ ಹೋದಾಗ 30 ಸೆಕೆಂಡು ಹಿಡಿಯಿತು, ಅಂದರೆ ನಿಮಿಷಕ್ಕೆ 2 ಲೀಟರ್. ಈಗ ಗೋಲ್ಡ್‌ಫಿಶ್ ಕಡೆ 50 ಸೆಕೆಂಡು. ಫೈಟರ್ ಕಡೆ 3 ನಿಮಿಷ, ಅಂದರೆ ನಿಮಿಷಕ್ಕೆ ಲೀಟರಿನ ಮೂರನೇ ಒಂದು ಪಾಲು. ಈ ಅಂಕಿಗಳನ್ನು ತೊಟ್ಟಿಯ ಹಿಂದೆ ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಗಾಳಿ ಕಡಿಮೆಯಾದ ಅನುಮಾನ ಬಂದರೆ ಮತ್ತೆ ಅಳೆದು ಚೀಟಿ ನೋಡಿದರೆ ಆಯಿತು.

ಎರಡು ತೊಟ್ಟಿಗೆ ಒಂದೇ ಪಂಪ್ ಇಟ್ಟವರಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ಗಾಳಿ ಸುಲಭದ ದಾರಿ ಹುಡುಕುತ್ತದೆ. ಫೈಟರ್ ತೊಟ್ಟಿಯಲ್ಲಿ ನೀರು 18 ಸೆಂಟಿಮೀಟರ್ ಆಳ, ಗೋಲ್ಡ್‌ಫಿಶ್ ತೊಟ್ಟಿಯಲ್ಲಿ 26. ವಾಲ್ವ್ ಇಲ್ಲದಿದ್ದಾಗ ಆಳ ಕಡಿಮೆ ಇರುವ ಕಡೆಗೇ ಗಾಳಿ ನುಗ್ಗುತ್ತಿತ್ತು. ಗಾಳಿ ಕಡಿಮೆ ಬೇಕಾದ ಮೀನಿಗೇ ಜಾಸ್ತಿ ಸಿಗುತ್ತಿದ್ದದ್ದು ಇದೇ ಕಾರಣಕ್ಕೆ. ಆದ್ದರಿಂದ ಮೊದಲು ಆಳ ಇರುವ ತೊಟ್ಟಿಯ ವಾಲ್ವ್ ಪೂರ್ತಿ ತೆರೆದು, ಆಳ ಕಡಿಮೆ ಇರುವುದನ್ನು ನಿಧಾನವಾಗಿ ಮುಚ್ಚುತ್ತಾ ಬನ್ನಿ. ನೀರು ಬದಲಿಸಿದ ದಿನ ಮಟ್ಟ ಸ್ವಲ್ಪ ಹೆಚ್ಚು ಕಡಿಮೆಯಾದರೂ ಹಂಚಿಕೆ ಬದಲಾಗುತ್ತದೆ. ಅವತ್ತು ಒಮ್ಮೆ ನೋಡಿಕೊಳ್ಳಿ. ಪ್ಲಾಸ್ಟಿಕ್ ವಾಲ್ವ್ ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಒಮ್ಮೆಲೇ ಮುಚ್ಚಿಹೋಗುತ್ತದೆ. ತಾಳ್ಮೆ ಬೇಕು. ಸ್ವಲ್ಪ ಖರ್ಚು ಮಾಡಿದರೆ ತಿರುಪಿನ ಹಾಗೆ ತಿರುಗುವ ಲೋಹದ ವಾಲ್ವ್ ಸಿಗುತ್ತದೆ. ಫೈಟರ್ ಕಡೆಗೆ ನಾನು ಈಗ ಅದನ್ನೇ ಹಾಕಿದ್ದೇನೆ.

ಫ್ಯಾನ್ ರೆಗ್ಯುಲೇಟರ್ ಹಾಕಿ ಎಂದು ಹೇಳಿದವರೂ ಇದ್ದರು. ನಾನು ಹಾಕಲಿಲ್ಲ. ಅದು ಫ್ಯಾನಿನ ಮೋಟಾರಿಗಾಗಿ ಮಾಡಿದ್ದು. ನೀರಿನ ಪಕ್ಕದಲ್ಲಿ 230 ವೋಲ್ಟಿನ ವೈರು ಕತ್ತರಿಸಿ ಜೋಡಿಸುವ ಕೆಲಸ ಮನೆಯಲ್ಲಿ ಬೇಡವೇ ಬೇಡ. ಪಂಪಿನಲ್ಲೇ ಕಡಿಮೆ ಜಾಸ್ತಿ ಮಾಡುವ ತಿರುಗುಣಿ ಇದ್ದರೆ ಅದನ್ನು ಧಾರಾಳವಾಗಿ ಬಳಸಿ.

ಗೋಲ್ಡ್‌ಫಿಶ್ಶಿಗೆ ಗಾಳಿ ಎಷ್ಟು ಕಡಿಮೆ ಮಾಡಬಹುದು ಎಂದೂ ಯೋಚಿಸಿದೆ. ತಣ್ಣನೆಯ ನೀರು ಹೆಚ್ಚು ಆಮ್ಲಜನಕ ಹಿಡಿದುಕೊಳ್ಳುತ್ತದೆ. ನಮ್ಮ ಚಳಿ ಅದಕ್ಕೆ ಒಳ್ಳೆಯದು. ಆದರೆ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಈ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಅಷ್ಟೇ ಬಿಸಿಯ ನೀರಾದರೂ ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಆಮ್ಲಜನಕ ಎಂಟನೇ ಒಂದು ಪಾಲಿನಷ್ಟು ಕಡಿಮೆ ಕರಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅವುಗಳ ವಾಲ್ವ್ ಮುಟ್ಟುವುದಿಲ್ಲ. ಗುಳ್ಳೆಯಿಂದ ನೀರಿಗೆ ನೇರವಾಗಿ ಸೇರುವ ಆಮ್ಲಜನಕ ಸ್ವಲ್ಪವೇ. ಗುಳ್ಳೆ ಮೇಲೆ ಬಂದು ನೀರಿನ ಮೇಲ್ಮೈಯನ್ನು ಅಲ್ಲಾಡಿಸುತ್ತದಲ್ಲಾ, ಮುಖ್ಯ ಕೆಲಸ ಆಗುವುದು ಅಲ್ಲಿ. ಮೇಲ್ಮೈ ಸಣ್ಣಗೆ ನಡುಗುತ್ತಿದ್ದರೆ ಸಾಕು.

ಇನ್ನು ಕಕ್ಕಡದ ಮಳೆ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಕೊಡಗಿನ ಜಡಿಮಳೆ. ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಮೊದಲ ವರ್ಷ ಪಂಪನ್ನು ಕೆಳಗಿನ ಶೆಲ್ಫಿನಲ್ಲಿ ಇಟ್ಟಿದ್ದೆ. ರಾತ್ರಿ ಕರೆಂಟು ಹೋದಾಗ ತೊಟ್ಟಿಯ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿನೊಳಗೆ ಸೇರಿ ನೆಲಕ್ಕೆಲ್ಲ ಹರಿದಿತ್ತು. ಈಗ ಪಂಪನ್ನೂ ತೆರೆದ ವಾಲ್ವನ್ನೂ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಹಲಗೆಯ ಮೇಲೆ ಇಟ್ಟಿದ್ದೇನೆ. ಎರಡೂ ಪೈಪಿಗೆ ಒಂದೊಂದು ಚೆಕ್ ವಾಲ್ವ್ ಇದೆ. ಹಾಕುವ ಮುಂಚೆ ಬಾಯಿಂದ ಊದಿ ನೋಡಿ. ಯಾವ ತುದಿಯಿಂದ ಊದಿದರೆ ಗಾಳಿ ದಾಟುತ್ತದೋ ಆ ತುದಿ ಪಂಪಿನ ಕಡೆಗೆ ಇರಬೇಕು. ಪವರ್ ಬ್ಯಾಂಕಿನಿಂದ ಓಡುವ ಒಂದು ಚಿಕ್ಕ ಪಂಪ್ ಕೂಡ ಇಟ್ಟುಕೊಂಡಿದ್ದೇನೆ. ಅದೂ ಮುಗಿದರೆ ಮಗ್ಗಿನಲ್ಲಿ ನೀರು ಎತ್ತಿ ಮೇಲಿನಿಂದ ಸುರಿಯುತ್ತೇವೆ, ಆ ದಿನಗಳಲ್ಲಿ ಮೀನಿಗೆ ಊಟ ಹಾಕುವುದಿಲ್ಲ.

ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ಕಳಿಸುತ್ತದೆ ಎಂಬುದನ್ನೂ ನೆನಪಿಡಿ. ಸೊಳ್ಳೆ ಬತ್ತಿಯ ಹೊಗೆ, ಒಲೆಯ ಹೊಗೆ, ಪೇಂಟಿನ ವಾಸನೆ ಎಲ್ಲ ಅಲ್ಲಿಗೇ ಹೋಗುತ್ತದೆ. ನಾವು ಹಾಲ್‌ನಲ್ಲಿ ಸೊಳ್ಳೆ ಬತ್ತಿ ಹಚ್ಚುವುದನ್ನು ಬಿಟ್ಟೆವು. ಪಂಪಿನ ಅಡಿಯಲ್ಲಿರುವ ಬಟ್ಟೆಯ ಫಿಲ್ಟರ್ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ತಿಂಗಳಿಗೊಮ್ಮೆ ತೊಳೆದು ಒಲೆಯ ಹತ್ತಿರ ಒಣಗಿಸಿ ಹಾಕುತ್ತೇನೆ.

ಎಲ್ಲ ಜೋಡಿಸಿ ಹತ್ತು ದಿನವಾಗಿರಬಹುದು. ಬೆಳಿಗ್ಗೆ ಮಗಳು ಕೂಗಿದಳು. ಫೈಟರ್ ತೊಟ್ಟಿಯ ಮೂಲೆಯಲ್ಲಿ ನೀರಿನ ಮೇಲೆ ಸಣ್ಣ ಸಣ್ಣ ನೊರೆಯ ಗುಳ್ಳೆ, ಬೆಳ್ಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲ. ಅದು ಪಂಪಿನದ್ದಲ್ಲ. ಗಂಡು ಫೈಟರ್ ತಾನೇ ಬಾಯಿಂದ ಕಟ್ಟುವ ಗೂಡು. ಮೊದಲೂ ಕಟ್ಟಲು ನೋಡಿತ್ತೋ ಏನೋ, ಆ ಸೆಳೆತದಲ್ಲಿ ನಿಲ್ಲುವ ಹಾಗಿರಲಿಲ್ಲ. ನಾವು ಅವತ್ತು ನೀರು ಬದಲಿಸುವುದನ್ನು ಮುಂದಕ್ಕೆ ಹಾಕಿದೆವು.